ಮಣ್ಣು ಹ್ಯಾಂಗಿತ್ತು

ಎಲ್ಲರೂ ಸಮುದ್ರದ್ದು ಕೇಳಿದರು, ಇಮಾನದ್ದು ಕೇಳಿದರು,
ಅಲ್ಲಿ ರೊಟ್ಟಿಗೆ ಏನ್ ಮಾಡಿದಿ ಅಂದರು.
ಖಾಜಾಮಿಯಾ ಉಸ್ತಾದ, ನೀವೊಬ್ಬರೇ
ಕೈಯಾಗಿನ ಅರ ಕೆಳಗಿಡದೆ, ತಲಿ ಎತ್ತದೆ
ಕೇಳಿದಿರಿ: ಮಣ್ಣು ಹ್ಯಾಂಗಿತ್ತು, ಭೀಮಬಾಯಿ?

ಹೇಳತೀನಿ.
ಆ ಊರಿನ ಹೆಸರು ನನ್ನ ನಾಲಗಿಗೆ ಇನ್ನೂ ಒಗ್ಗಿಲ್ಲ,
ಹೇಳಾಕ ಹೋದರ ಹಲ್ಲಿಗೆ ಬಡೀತದ.
ಹಳದಿ ಮನಿ, ನೀಲಿ ಮನಿ, ಗುಲಾಬಿ ಮನಿ,
ಮಾಳಿಗಿಗೆ ಕಟ್ಟಿಗಿ ಜಾಲರಿ, ಕೆಳಗ ಕಲ್ಲು ಹಾಸಿದ ಓಣಿ.
ಆ ಕಲ್ಲು ಆ ಊರಿನದಲ್ಲಂತ.
ಖಾಲಿ ಹಡಗ ಹೊಯ್ದಾಡಬಾರದಂತ ಹೊಟ್ಟ್ಯಾಗ ಹೇರಿ ತಂದು,
ಕಲ್ಲು ಸುರುವಿ, ಸಕ್ಕರಿ ತುಂಬಿಕೊಂಡು ಹೋದರಂತ.
ನಾ ಚಪ್ಪಲಿ ಬಿಟ್ಟು ಒಂದಿಷ್ಟು ದೂರ ನಡದೆ.
ಅಂಗಾಲಿಗೆ ನಮ್ಮ ಚೌಬಾರಾದ ಮಧ್ಯಾಹ್ನ ತಾಗಿತು.

ತೋರಸಾಕ ಬಂದಾಕಿ ಮಾರ್ವಾ ಅಂತ.
ನನ್ನ ವಯಸ್ಸಿನಾಕಿ, ಮೊಣಕಾಲು ನೋವು ನನಗಿಂತ ಜಾಸ್ತಿ.
ಇದು ಗವರ್ನರನ ಮನಿ, ಇದು ಸುಂಕದ ಕಟ್ಟಿ, ಇದು ಇಗರ್ಜಿ ಗಂಟಿ
ಅಂತ ಬಾಯಿಪಾಠ ಒಪ್ಪಿಸಿದಳು.
ಜೋಡಿ ಬಂದ ಹುಡುಗ ಅರ್ಧ ಹಿಂದಿ ಮಾಡಿ ಹೇಳಿದ,
ಉಳದರ್ಧ ನಾ ಆಕಿ ಮುಖದಾಗ ಓದಿಕೊಂಡೆ.

ಒಂದು ಅಂಗಳ ಬಂತು. ಬಾಯಿಪಾಠ ನಿಂತಿತು.
ಈಗ ಅಲ್ಲಿ ಐಸ್‌ಕ್ರೀಂ ಮಾರತಾರ.
ನಮ್ಮವರನ್ನ ಇಲ್ಲಿ ನಿಲ್ಲಿಸಿ ಹಲ್ಲು ನೋಡತಿದ್ದರು,
ಎತ್ತಿಗೆ ನೋಡತಾರಲ್ಲ, ಹಂಗ.
ಆ ಮಾತಿಗೆ ಹುಡುಗ ಬೇಕಾಗಲಿಲ್ಲ,
ಆಕಿ ತುಟಿ ಎತ್ತಿ ತೋರಿಸಿದ್ದಳು.

ನಾ ಅಂದೆ, ನಮ್ಮ ಬೀದರಕ್ಕೂ ಬಂದಿದ್ದರು, ಆ ಕಡೀ ದಂಡಿಯವರು.
ಹಬ್ಶಿಕೋಟ ಅಂತ ಗುಡ್ಡ ಅದ. ಗೋರಿ ಅವ, ಕಮಾನು ಅವ.
ಕೆಲವರು ಸರದಾರರೂ ಆದರಂತ.
ಮಾರ್ವಾ ನಡೆಯೂದು ಬಿಟ್ಟಳು.
ಹೆಸರು ಹೇಳು, ಅಂದಳು. ಒಬ್ಬರದಾದರೂ ಹೇಳು.
ಆ ಗುಡ್ಡದಾಗ ನಾ ಸೀತಾಫಲ ಕದ್ದೀನಿ ಉಸ್ತಾದ,
ಒಂದು ಗೋರಿಗೆ ಬೆನ್ನು ಹಚ್ಚಿ ನಿದ್ದಿ ಮಾಡೀನಿ.
ಅದು ಯಾರದಂತ ಕೇಳಿರಲಿಲ್ಲ.

ಮಣ್ಣು ಅಂದಿರಲ್ಲ, ಬಂದೆ ಅದಕ್ಕ.
ಕಿಲ್ಲಾ ಸಮುದ್ರದ ಬಾಯಾಗ ಅದ,
ತೋಪು ನೀರಿನ ಕಡೆ ಮುಖ ಮಾಡಿ ತುಕ್ಕು ಹಿಡಿದಾವ.
ಮದ್ದಿನ ಕೋಣಿ ಒಳಗ ಒಂದು ಮೂಲಿ,
ಬಿಸಲು ಕಾಣದ್ದು, ಮಳಿ ಕಾಣದ್ದು, ನೀವು ಹೇಳಿಕೊಟ್ಟಂಥಾದ್ದು.
ಕೈ ತಡೀಲಿಲ್ಲ. ಚಿಟಿಕಿ ತಗೊಂಡು ನಾಲಗಿ ಮ್ಯಾಲ ಇಟ್ಟೆ.
ಪಹರೇದವ ಓಡಿ ಬಂದ.
ಮಾರ್ವಾ ನಕ್ಕಳು, ಆ ದಿನದಾಗ ಅದೊಮ್ಮೆ.
ಉಪ್ಪು, ಉಸ್ತಾದ.
ನಮ್ಮ ಮಣ್ಣಿನ ಕಚ್ಚು ಇಲ್ಲ,
ಬೆಳ್ಳಿ ಬಿಟ್ಟು ಸತುವಿಗಷ್ಟೇ ಹಿಡಿಯೋ ಆ ಸಿಟ್ಟು ಇಲ್ಲ.
ಉಪ್ಪಿನ ಹಿಂದ ಇನ್ನೊಂದು ಏನೋ ಇತ್ತು,
ಇವತ್ತಿಗೂ ಹೇಳಾಕ ಬರವಲ್ದು.

ನಿಮಗಂತ ಸೆರಗಿನ ತುದಿಗೆ ಕಟ್ಟಿಕೊಂಡಿದ್ದೆ.
ಇಮಾನ ಹತ್ತೋ ಮುಂದ ಬಿಚ್ಚಿಸಿ ಕಸದ ಬುಟ್ಟಿಗೆ ಝಾಡಿಸಿದರು.
ಮಣ್ಣು ದೇಶ ದಾಟೋ ಹಂಗಿಲ್ಲಂತ.
ಮಂದಿ ದಾಟಿಸಿದ್ದರಲ್ಲ, ಅಂತ ಬಾಯಿಗೆ ಬಂತು.
ನುಂಗಿದೆ.

ಹೌದು, ಸುರಾಹಿ ಮಾರಿತು, ಎರಡು ಡಬ್ಬಿ ಮಾರಿದವು.
ನೋಡಿದವರೆಲ್ಲ ಬೆಳ್ಳಿ ಎಷ್ಟು ತೂಕ ಅಂತ ಕೇಳಿದರು.
ಮಾರ್ವಾ ಕಡೀ ದಿನ ಬಂದಾಕಿ
ಬಳ್ಳಿ ಬಿಟ್ಟು, ಹೂವು ಬಿಟ್ಟು,
ನಡುವಿನ ಕಪ್ಪಿನ ಮ್ಯಾಲ ಬೆರಳಿಟ್ಟು
ಇದಕ್ಕ ಎಷ್ಟು ದಿನ ಹಿಡೀತು, ಅಂದಳು.

ಕುದಿಯಾಕ ಹತ್ತೇತಿ ನೋಡ್ರಿ, ನವಸಾಗರದ ಘಾಟು ಬಂತು.
ಇಳಿಸ್ತೀನಿ.
ನಾಳಿ ಶುಕ್ರವಾರ, ಕಾರಖಾನಿ ಬಂದ್.
ನಮಾಜ್ ಮುಗಿಸಿಕೊಂಡು ಹಬ್ಶಿಕೋಟದ ತನಕ ಬರತೀರೇನು?
ನಿಮಗ ಫಾರಸಿ ಅಕ್ಷರ ಬರತಾವ.
ನನಗ ಕಲ್ಲು ಒರಸಾಕ ಬರತದ.