ಅರ್ಧ ಇಂಚು

ಶುಕ್ರವಾರ ಹನ್ನೆರಡೂವರೆಗೆ
ಅಂದುಂಞಿಯವರು ಟೊಪ್ಪಿ ಹುಡುಕುತ್ತಾರೆ.
ಪಳ್ಳಿಯ ಬಾಂಗಿಗೂ ಮೊದಲೇ
ನಮ್ಮ ಆರೂ ಮಿಶಿನು ಬಾಯಿ ಮುಚ್ಚುತ್ತವೆ.
ಅಂದೊಂದು ದಿನ ಬುತ್ತಿಯಿಲ್ಲ.
ಜಲಜಾಕ್ಷಿ ಮತ್ತು ನಾನು
ಉಪ್ಪಳ ಪೇಟೆಯ ಹಿಂದೆ, ಐಸ್ ಪ್ಲಾಂಟಿನ ಗೋಡೆಗೆ ಆತುಕೊಂಡ
ಕುಂಞಾಮಿನರ ಹೋಟೆಲಿಗೆ.

ಹೋಟೆಲೆಂದರೆ ನಾಲ್ಕು ಮೇಜು.
ಹಲಗೆಯಲ್ಲಿ ಮಲಯಾಳದಲ್ಲಿ ಅಯಲ ಎಂದಿದೆ,
ನಾವು ಬಂಗುಡೆ ಎನ್ನುತ್ತೇವೆ,
ಕಾವಲಿ ಎರಡಕ್ಕೂ ಚುಂಯ್ ಎನ್ನುತ್ತದೆ.

ಮೀನು ಬಂತು. ಮಸಾಲೆ ಕರಿಗಟ್ಟಿ,
ಬೇವಿನೆಲೆ ಬೆನ್ನಿಗಂಟಿ, ಕಣ್ಣು ಬೆಳ್ಳಗೆ.
ಜಲಜಾಕ್ಷಿ ಕೊರಳಿನ ಟೇಪು ತೆಗೆದು
ಮೂತಿಯಿಂದ ಬಾಲಕ್ಕೆ ಹಿಡಿದಳು.
"ಏಳೂವರೆ! ಹೋದ ವಾರ ಎಂಟಿತ್ತು.
ರೇಟು ಮಾತ್ರ ಕುಗ್ಗಲಿಲ್ಲ ಅಲ್ವಾ?"

ಉಣ್ಣುವವರೆಲ್ಲ ತಿರುಗಿದರು.
ಒಳಗಿಂದ, ಸಟ್ಟುಗ ಹಿಡಿದೇ, ಕುಂಞಾಮಿನ:
"ನನ್ನ ಮಗಳ ಚೂಡಿದಾರದ ತೋಳು
ಅರ್ಧ ಇಂಚು ಬಿಗಿ. ಪೆರ್ನಾಲಿನ ದಿನ
ಕೈ ಎತ್ತಲಾಗದೆ ಬಿರಿಯಾನಿ ಬಡಿಸಿತು ಹುಡುಗಿ.
ನಾನೇನಾದರೂ ಅಂದೆನಾ?"

ತೋಳು ಹೊಲಿದದ್ದು ನಾನು.
ಮುಳ್ಳು ಬಿಡಿಸುವುದರಲ್ಲಿ
ತುಂಬಾ ಮಗ್ನಳಾದೆ.

ಎರಡು ಗಂಟೆಗೆ ಮತ್ತೆ ಮಿಶಿನು.
ಸಾಬೂನು, ಲಿಂಬೆ, ಚಹಾಪುಡಿ,
ಏನು ತಿಕ್ಕಿದರೂ ಬೆರಳಲ್ಲಿ ಬಂಗುಡೆ.
ಮದುಮಗಳ ಬ್ಲೌಸು ಮುಟ್ಟಗೊಡುವುದಿಲ್ಲ ಅಂದುಂಞಿಯವರು;
ಶುಕ್ರವಾರ ಮಧ್ಯಾಹ್ನ ನಮಗೆ ಬರೀ ಫಾಲು, ಬರೀ ಲಂಗ.

ಇವತ್ತು ಲಂಗಗಳ ಅಡಿಯಲ್ಲಿ
ಪೇಪರು ಸುತ್ತಿದ ಒಂದು ಹಸಿರು ಚೂಡಿದಾರ,
ಎಣ್ಣೆಯ ಕೈಯಲ್ಲೇ ಕೊಟ್ಟು ಕಳಿಸಿದ್ದು.
ಹೊಲಿಗೆ ಬಿಚ್ಚುತ್ತೇನೆ, ಒಂದೊಂದೇ ನೂಲು,
ಮುಳ್ಳು ತೆಗೆದ ಹಾಗೆ.
ಒಳಗೆ ಬಟ್ಟೆ ಬಿಟ್ಟಿದ್ದೆ, ಪುಣ್ಯ.