ಕೊನೆಯ ನಿಲ್ದಾಣದಲ್ಲಿ ಒಂಬತ್ತು ನಿಮಿಷ

ನವೆಂಬರ್ ಒಂದು. ಸ್ಯಾಸ್ಕಟೂನಿನಲ್ಲಿ
ನದಿಯಿನ್ನೂ ಹೆಪ್ಪುಗಟ್ಟಿಲ್ಲ, ಅಂಚಿಗೆ ಮಾತ್ರ
ಆರಿದ ಹಾಲಿನ ಕೆನೆಯಂತೆ ಒಂದು ಪದರ.
ಕೊನೆಯ ನಿಲ್ದಾಣ. ಬಸ್ಸು ಮತ್ತೆ ಹೊರಡುವುದಕ್ಕೆ
ಒಂಬತ್ತು ನಿಮಿಷ.
ಸ್ಟೀರಿಂಗಿಗೆ ನೋಟ್‌ಬುಕ್ಕು ಆನಿಸಿ ಬರೆದೆ:
'ತೆಕ್ಲಾ ಬಾಗಿಲ ಹಿಡಿಕೆಗೆ ಕೈ ಹಾಕಿದಳು.'
ಐದು ಪದ. ಇನ್ನು ಉಳಿದದ್ದು
ನಲವತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೈದು.

ತಿಂಗಳೊಳಗೆ ಕಾದಂಬರಿ. ಯಾರ ಬಲವಂತವೂ ಇಲ್ಲ.
ಭಾನುವಾರ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸೇರುವ
ಆರು ಜನ; ಗೆದ್ದರೆ ಬಹುಮಾನವಿಲ್ಲ, ಸೋತರೆ ದಂಡವಿಲ್ಲ.
'ದಿನಕ್ಕೆ ಸಾವಿರದ ಆರುನೂರ ಅರವತ್ತೇಳು, ಅಷ್ಟೇ'
ಎಂದ ಗಾರ್ತ್ ಪೆನ್ನರ್, ಹಲ್ಲಿನ ಡಾಕ್ಟರು,
ಇಕ್ಕಳ ಬೆನ್ನ ಹಿಂದಿಟ್ಟು
'ನೋಯುವುದಿಲ್ಲ' ಎನ್ನುವ ದನಿಯಲ್ಲೇ.
ಎರಡನೇ ವಾರಕ್ಕೆಲ್ಲ ಅವನ ಡ್ರ್ಯಾಗನ್ನುಗಳು
ಮೊಮ್ಮಕ್ಕಳನ್ನು ಕಂಡಿದ್ದವು.
ನನ್ನ ತೆಕ್ಲಾ ಹಿಡಿಕೆ ಹಿಡಿದೇ ನಿಂತಿದ್ದಳು.

ಬಾಗಿಲಾಚೆ ಏನಿದೆಯೋ ನನಗೇ ಗೊತ್ತಿಲ್ಲ.
ಅದನ್ನು ಮರೆಸಲು ಹಿಡಿಕೆಯನ್ನು ವರ್ಣಿಸಿದೆ:
ಹಿತ್ತಾಳೆ. ಇನ್ನೂರು ಪದ.
ಹಿತ್ತಾಳೆಯ ತಣ್ಪು. ಮುನ್ನೂರು.
ಎಂದೋ ಉಂಡ ಬೀಟ್‌ರೂಟ್ ಸಾರಿನ ನೆನಪು ತಂದು
ಒಂದಿಡೀ ಅಧ್ಯಾಯ ಕುದಿಸಿದೆ.
ಚಳಿಗೆ ಪೆನ್ನಿನ ಮಸಿ ಕಟ್ಟಿತು, ಪೆನ್ಸಿಲ್ಲು ಬಂತು.
ಆರು, ಏಳನೇ ತಾರೀಕು ಬರೆಯಲಿಲ್ಲ.
ಎಂಟರಂದು ಬರೆದದ್ದು ಬರೆಯದಿದ್ದುದರ ಕಾರಣ.
ಅದನ್ನೂ ಎಣಿಸಿದೆ.

ಹತ್ತನೆಯ ದಿನ ಆಸ್ಪತ್ರೆಯ ನಿಲ್ದಾಣದಲ್ಲಿ
ಲಾಂಡ್ರಿಯ ಪಾಳಿ ಮುಗಿಸಿ ಹತ್ತಿದವಳು
ಯುಲಾಲಿ (ಎದೆಯ ಬಿಲ್ಲೆಯಲ್ಲಿ ಹೆಸರು).
ಫೋನಿನಲ್ಲಿ ಮೊಮ್ಮಗ, ಮಾತು ಕ್ರೀ ಭಾಷೆ,
ನನಗೆ ಒಂದಕ್ಷರ ತಿಳಿಯದು. ಆದರೆ ಆ ನಗು,
ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ,
ಕೊನೆಗೆ ಬಸ್ಸಿನ ಗಾಜುಗಳಲ್ಲಿ.
ಕದ್ದೆ.
ತಂದು ತೆಕ್ಲಾಳ ಬಾಯಿಗಿಟ್ಟೆ;
ಅವಳು ಉಸಿರಾಡುವ ಸದ್ದು ಮೊದಲ ಸಲ ಕೇಳಿತು.
ಆ ರಾತ್ರಿ ಎರಡು ಸಾವಿರದ ಮುನ್ನೂರು.

ಕಳ್ಳಗೈಗೆ ರುಚಿ ಹತ್ತಿತು. ಕಾಲೇಜು ಹುಡುಗನ ಹಸಿರು ಬೂಟು,
ಮುದುಕ ಫ್ರೀಸನ್ ಇಳಿಯುವಾಗ ಹೇಳುವ ಥ್ಯಾಂಕ್ಯೂ,
ನನಗಲ್ಲ, ಬಸ್ಸಿಗೆ.

ಹತ್ತೊಂಬತ್ತರಂದು ಯುಲಾಲಿ ಹತ್ತಿದಳು.
ಫೋನು ಕೈಯಲ್ಲೇ ಇತ್ತು, ಮಾತಿಲ್ಲ. ಇಪ್ಪತ್ತರಂದೂ ಇಲ್ಲ.
ಇಪ್ಪತ್ತೊಂದರಂದು ಹಿಂದಿನ ಸೀಟಿಗೆ ಹೋಗಿ
ಕತ್ತಲ ಕಿಟಕಿಯಲ್ಲಿ ತನ್ನ ಮುಖವನ್ನೇ ನೋಡುತ್ತ ಕೂತಳು.
ಹುಚ್ಚೆಂದು ಗೊತ್ತು. ಆದರೂ ನೋಟ್‌ಬುಕ್ಕು ಬಿಚ್ಚಿ
ನಗು ಬಂದ ಜಾಗವನ್ನೆಲ್ಲ ಹುಡುಕಿ ಹುಡುಕಿ
ರಬ್ಬರಿನಿಂದ ಉಜ್ಜಿದೆ. ನಾನೂರ ಹನ್ನೆರಡು ಪದ
ಬೂದು ಪುಡಿಯಾಗಿ ಮಡಿಲಿಗೆ ಉದುರಿದವು.
'ಏನಾಯಿತು, ಯುಲಾಲಿ?' ಎಂದು ಕೇಳಬಹುದಿತ್ತು. ಎರಡೇ ಪದ.
ಐವತ್ತು ಸಾವಿರಕ್ಕೆ ಹೊರಟವಳಿಗೆ
ಆ ಎರಡು ಬಾಯಿಗೆ ಬರಲಿಲ್ಲ.

ಬಂದದ್ದು ಇಪ್ಪತ್ತಾರಕ್ಕೆ, ಕೊನೆಯ ನಿಲ್ದಾಣದಲ್ಲಿ,
ಅವಳು ನಿದ್ದೆ ಹೋಗಿ ತನ್ನ ಜಾಗದಲ್ಲಿ ಇಳಿಯದೇ ಉಳಿದಾಗ.
'ಏನಾಗಬೇಕು? ಹದಿಮೂರು ತುಂಬಿತು ಅವನಿಗೆ.
ಅಜ್ಜಿಯ ಜೊತೆ ಮಾತಾಡಲು ನಾಚಿಕೆಯಂತೆ.
ಹೆಬ್ಬೆರಳಿನ ಚಿತ್ರ ಕಳಿಸುತ್ತಾನೆ. ಬರೀ ಹೆಬ್ಬೆರಳು.
ನಿನ್ನ ಹೆಸರು ಮಾರ್ಲಿಸ್ ಅಲ್ಲವಾ?'
ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕೊಟ್ಟೆ.
ಹೀಟರ್ ಗೊರಗುಟ್ಟಿತು. ಒಂಬತ್ತು ನಿಮಿಷ
ಅವಳ ಹೆಬ್ಬೆರಳಿನ ಕಥೆಗೇ ಹೋಯಿತು.
ಆ ದಿನದ ಲೆಕ್ಕ: ಸೊನ್ನೆ.

ನವೆಂಬರ್ ಮೂವತ್ತು. ಮೂವತ್ತೊಂದು ಸಾವಿರದ ನಾನೂರ ಆರು.
ಗಾರ್ತ್ ಎಲ್ಲರಿಗೂ ಕೇಕು ತರುತ್ತಾನಂತೆ, ಸೋತವರಿಗೂ.
ನದಿ ಈಗ ಪೂರ್ತಿ ಬಿಳಿ; ಯಾವುದೋ ನಾಯಿ
ಅಡ್ಡ ದಾಟಿದ ಹೆಜ್ಜೆ.
ತೆಕ್ಲಾ ಕೊನೆಗೂ ಹಿಡಿಕೆ ತಿರುಗಿಸಿದಳು.
ಒಳಗಿನಿಂದ ಚಿಲಕ.
ಪೆನ್ಸಿಲ್ಲು ಕಚ್ಚಿಕೊಂಡು ಕೂತೆ.
ತಿಂಗಳಿಡೀ, ತಟ್ಟಬಹುದೆಂದು
ನನಗೂ ಹೊಳೆದಿರಲಿಲ್ಲ, ಅವಳಿಗೂ.

ಹಿಂದಿನಿಂದ ಫ್ರೀಸನ್ ಕೆಮ್ಮಿದ.
ಹೊತ್ತು ಮೀರಿ ಎರಡು ನಿಮಿಷ.