ನಲವತ್ತು ಅಡಿ

ಭಾನುವಾರ ರಾತ್ರಿ ಒಂಬತ್ತರೊಳಗೆ ಹೇಳಬೇಕಂತೆ,
ಸೇರಿಸುತ್ತೀರೋ ಇಲ್ಲವೋ.
ಫ್ರಿಜ್ಜಿನ ಬಾಗಿಲಲ್ಲಿ, ಸೂರ್ಯಕಾಂತಿ ಮ್ಯಾಗ್ನೆಟ್ಟಿನಡಿ
ಆ ಹಾಳೆ ಮೂರು ದಿನದಿಂದ ನೇತಾಡುತ್ತಿದೆ.

ಎರಡು ಸಾವಿರದ ನಾನೂರು ಡಾಲರು. ಮೇಲೆ ಸಮವಸ್ತ್ರ, ಎರಡು ಜೊತೆ.
ವಿಚಿಟಾ, ಟಲ್ಸಾ, ಒಮಾಹಾ, ಜುಲೈನಲ್ಲಿ ಇನ್ನೂ ದೂರ;
ಮೋಟೆಲಿನ ಕೋಣೆ, ಪೆಟ್ರೋಲು,
ಹನ್ನೊಂದು ವಾರಾಂತ್ಯ.
ಕೊರಿನ್ ಕರೆಂಟ್ ಬಿಲ್ಲಿನ ಲಕೋಟೆಯ ಹಿಂದೆ ಕೂಡಿದಳು, ಕಳೆದಳು,
ಆಸ್ಪತ್ರೆಯ ರಾತ್ರಿಪಾಳಿಗೆ ಹೊರಡುತ್ತಾ ಅಂದಳು:
"ಹಾಸಿಗೆ ಇದ್ದಷ್ಟೇ ಅಲ್ವಾ ಕಾಲು, ವರ್ಲಿನ್?
ಆದರೆ ಅವಳ ಕಾಲು ಬೆಳೀತಾ ಇದೆಯಲ್ಲ."

ಟಲ್ಸಾದಿಂದ ಹುಡುಗಿಯ ಅಪ್ಪ ಫೋನು ಮಾಡಿದ್ದ:
ಸೇರಿಸಿ, ಅರ್ಧ ನನ್ನದು.
ಹಲ್ಲಿನ ತಂತಿಯ ಅರ್ಧವೂ ಅವನದೇ ಇತ್ತು,
ತಂತಿ ಬಿಚ್ಚುವ ಕಾಲ ಬಂತು.

ನಾನು ಈ ಮನೆಗೆ ಬಂದು ನಾಲ್ಕು ವರ್ಷ.
ಹಾಳೆಯಲ್ಲಿ ತಾಯಿಗೊಂದು ಗೆರೆ, ತಂದೆಗೊಂದು ಗೆರೆ,
ಮೂರನೆಯದು 'ಇತರೆ', ತುರ್ತು ಸಂದರ್ಭಕ್ಕೆ.
ಪ್ರೊಪೇನ್ ಲಾರಿ ಓಡಿಸುವವನ ಮಾತು
ಆ ಗೆರೆಯಷ್ಟೇ ಉದ್ದ.

ಆದರೂ ಕೇಳಿದಳು, ಹೇಳಿದೆ:
ಹನ್ನೊಂದರ ಹುಡುಗಿ, ಭುಜ ಇನ್ನೂ ಎಳಸು.
ಹಾರ್ಡ್‌ವೇರ್ ಅಂಗಡಿಯ ನಮ್ಮೂರ ತಂಡದಲ್ಲಿ ಇರುವವರೇ ಒಂಬತ್ತು,
ಇವಳು ಹೋದರೆ ಎಂಟು; ಎಂಟು ಜನರ ಸಾಫ್ಟ್‌ಬಾಲ್ ಎಲ್ಲಿದೆ?
ತಮ್ಮ ಓಟಿಸ್ ಬೇಸಿಗೆ ಪೂರ್ತಿ ಗ್ಯಾಲರಿಯ ಕೆಳಗೆ
ಇರುವೆ ಎಣಿಸುತ್ತಾ ಕೂರಬೇಕು.
ಎಲ್ಲ ನಿಜ. ಒಂದೂ ಸುಳ್ಳಲ್ಲ.
ಸುಳ್ಳು ಹೇಳದೆಯೂ ಮುಚ್ಚಿಡಬಹುದು.

ಅವಳು ನನ್ನೊಡನೆ ಮಾತೇ ಆಡದ ಆ ಮೊದಲ ಬೇಸಿಗೆ
ಗ್ಯಾರೇಜಿನ ಪಕ್ಕ ಬಣ್ಣದ ಬಕೆಟ್ಟು ಬೋರಲು ಹಾಕಿ ಕೂತೆ,
ಕೈಗವಸು ಚಾಚಿದೆ.
ಎಸೆದಳು. ಬೇಲಿಯಾಚೆ ಬಿತ್ತು. ತಂದುಕೊಟ್ಟೆ.
ಅಂದಿನಿಂದ ದಿನಾ ಸಂಜೆ ಐವತ್ತು ಎಸೆತ;
ನಮ್ಮಿಬ್ಬರ ಮಾತೆಲ್ಲ ಹಳದಿ, ದುಂಡಗೆ,
ಕೆಂಪು ದಾರದ ಹೊಲಿಗೆ ಹಾಕಿದ್ದು.
ಆ ತಂಡದಲ್ಲಿ ಎಸೆತ ಕಲಿಸಲೆಂದೇ ಒಬ್ಬಳಿದ್ದಾಳೆ,
ಹಿಡಿಯಲು ಮುಖವಾಡ ತೊಟ್ಟ ಹುಡುಗಿ.
ಬಕೆಟ್ಟಿಗೆ ಕೆಲಸವಿಲ್ಲ.

ಶನಿವಾರ ಸಂಜೆ. ಕ್ಯಾನ್ಸಸ್ಸಿನ ಗಾಳಿ, ಒಣ ಮಣ್ಣು.
ಹೆಸರಿಗೆ ಮೆತ್ತನೆ ಚೆಂಡು,
ನನ್ನ ಎಡಗೈ ಹೆಬ್ಬೆರಳು ಊದಿ ಬದನೆಕಾಯಿ.
ವಿಲ್ಲಾ ಎಂದಿನ ಗುರುತಿನಲ್ಲಿ ನಿಲ್ಲಲಿಲ್ಲ.
ಹಿಮ್ಮಡಿಗೆ ಬೆರಳು ಕೂಡಿಸುತ್ತಾ ಹಿಂದಕ್ಕೆ ಅಳೆದಳು,
ಬೂಟಿನಿಂದ ಹೊಸ ಗೆರೆ ಗೀರಿದಳು.
"ಅಲ್ಲಿ ನಲವತ್ತಡಿಯಂತೆ. ನಮ್ಮದು ಮೂವತ್ತೈದು."

ಐದೇ ಅಡಿ.
ಬಕೆಟ್ಟನ್ನು ಮುಂದಕ್ಕೆ ಎಳೆದುಕೊಳ್ಳಬಹುದಿತ್ತು.
ಎಳೆಯಲಿಲ್ಲ.

ತೋಳು ಗಾಲಿಯಂತೆ ಒಂದು ಸುತ್ತು ಬಂತು,
ಚೆಂಡು ಬೆಳಕಿಲ್ಲದ ಕಡೆಯಿಂದ ಬಂತು,
ಸದ್ದು ಕೈಯೊಳಗೇ ಆಯಿತು.
"ಕಾಣ್ತಾ ಇದೆಯಾ, ವರ್ಲಿನ್?"

ಕಾಣ್ತಿದೆ, ಅಂದೆ, ಸುಳ್ಳೇ.
ಹಾಕು, ಇನ್ನೊಂದು.